ಬೀಳುವುದು ಗೊತ್ತು, ಯಾವಾಗ ಅನ್ನುವುದೇ ತಮಾಷೆ

ಹಾಸನದಿಂದ ಓದುಗರೊಬ್ಬರು ಬರೆದಿದ್ದಾರೆ: "ಮೊಮ್ಮಗನ ಜೊತೆ ಕೂತು ಹಳೆಯ ಕಾರ್ಟೂನುಗಳನ್ನು ನೋಡುತ್ತೇನೆ. ಟಾಮ್ ಅಂಡ್ ಜೆರ್ರಿ, ರೋಡ್ ರನ್ನರ್. ಒಂದು ನೋಡಿದರೆ ಎಲ್ಲ ನೋಡಿದ ಹಾಗೆ. ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಹೋಗಿ ಏಟು ತಿನ್ನುತ್ತದೆ. ತೋಳದಂಥ ಆ ಕಯೋಟಿ ರೋಡ್ ರನ್ನರ್ ಹಕ್ಕಿಯ ಹಿಂದೆ ಓಡಿ ಪ್ರಪಾತಕ್ಕೆ ಬೀಳುತ್ತದೆ. ಮುಂದೇನು ಅಂತ ಮೊದಲ ನಿಮಿಷದಲ್ಲೇ ಗೊತ್ತಾದ ಮೇಲೆ ನಗು ಎಲ್ಲಿಂದ ಬರಬೇಕು? ಬರೆದವರಿಗೆ ಬೇರೆ ಕಥೆಯೇ ಹೊಳೆಯಲಿಲ್ಲವೇ? ಆ ಬಡಪಾಯಿ ಕಯೋಟಿಗೆ ಒಂದು ಸಲವಾದರೂ ಹಕ್ಕಿ ಸಿಗಬಾರದಿತ್ತೇ? ನೀವು ಇವನ್ನು ಹೊಗಳಿ ಲೇಖನ ಹಾಕಿದ್ದೀರಿ. ನನಗಂತೂ ಒಪ್ಪಿಗೆಯಿಲ್ಲ."

ಪ್ರಿಯ ಓದುಗರೇ,

ನಿಮ್ಮ ದೂರಿಗೆ ಬಹಳ ವಯಸ್ಸಾಗಿದೆ. ಅದನ್ನು ಮೊದಲು ಎತ್ತಿದವರಲ್ಲಿ ರೋಡ್ ರನ್ನರ್ ಮಾಡಿದವರೂ ಇದ್ದಾರೆ ಅಂದರೆ ನಂಬುತ್ತೀರಾ?

1940ರ ದಶಕದ ಅಮೆರಿಕದಲ್ಲಿ ಸಿನಿಮಾ ಶುರುವಾಗುವ ಮೊದಲು ಆರೇಳು ನಿಮಿಷದ ಕಾರ್ಟೂನ್ ಹಾಕುತ್ತಿದ್ದರು. ಬೆಕ್ಕು ಇಲಿಯನ್ನು, ನಾಯಿ ಬೆಕ್ಕನ್ನು ಅಟ್ಟುವ ಕಾರ್ಟೂನುಗಳು ಅದರಲ್ಲಿ ಜಾಸ್ತಿ. ಎಂಜಿಎಂ ಕಂಪನಿಯ ಟಾಮ್ ಅಂಡ್ ಜೆರ್ರಿ 1940ರಲ್ಲಿ ಶುರುವಾಗಿ ಒಂದರ ಮೇಲೊಂದು ಆಸ್ಕರ್ ಬಾಚಿಕೊಳ್ಳುತ್ತಿತ್ತು. ಇದನ್ನೆಲ್ಲ ನೋಡಿದ ವಾರ್ನರ್ ಬ್ರದರ್ಸ್‌ನ ನಿರ್ದೇಶಕ ಚಕ್ ಜೋನ್ಸ್ ಮತ್ತು ಕಥೆಗಾರ ಮೈಕೆಲ್ ಮಾಲ್ಟೀಸ್ ಈ ಓಟದ ಕಾರ್ಟೂನುಗಳನ್ನೇ ಗೇಲಿ ಮಾಡೋಣ ಅಂದುಕೊಂಡರು. ಕಥೆ ಬೇಡ, ಮಾತು ಬೇಡ. ಒಂದು ಮರುಭೂಮಿ, ಹಸಿದ ಒಂದು ಕಯೋಟಿ, ಸಿಗದ ಒಂದು ಹಕ್ಕಿ. ಓಡು, ಬೀಳು, ಮತ್ತೆ ಓಡು. 1949ರ "ಫಾಸ್ಟ್ ಅಂಡ್ ಫರಿ-ಅಸ್" ಹುಟ್ಟಿದ್ದು ಹೀಗೆ. ಆದರೆ ನೋಡಿದವರಿಗೆ ಗೇಲಿ ಗೊತ್ತೇ ಆಗಲಿಲ್ಲ. ಸುಮ್ನೆ ಹೊಟ್ಟೆ ಹಿಡಿದುಕೊಂಡು ನಕ್ಕರು. 1952ರಲ್ಲಿ ಅದೇ ಜೋಡಿ ಮತ್ತೆ ತೆರೆಗೆ ಬಂತು. ಆಮೇಲೆ ನಿಲ್ಲಲಿಲ್ಲ.

ಅಂದರೆ ಮುಂದೇನಾಗುತ್ತದೆ ಅಂತ ನಿಮಗೆ ಗೊತ್ತು ಅನ್ನುವುದು ಅವರಿಗೂ ಗೊತ್ತಿತ್ತು. ಹಾಗಾದರೆ ಉಳಿದದ್ದೇನು?

ಕಯೋಟಿ ಬೀಳುವುದನ್ನೇ ತೆಗೆದುಕೊಳ್ಳಿ. ಅದು ಓಡುತ್ತಾ ಬಂಡೆಯ ಅಂಚು ದಾಟುತ್ತದೆ. ಗಾಳಿಯಲ್ಲಿ ನಿಲ್ಲುತ್ತದೆ. ಕೆಳಗೆ ನೋಡುವ ತನಕ ಬೀಳುವುದಿಲ್ಲ. ಕಾಲಡಿ ನೆಲವಿಲ್ಲ ಅನ್ನುವುದು ನಮಗೆ ಮೊದಲೇ ಗೊತ್ತಾಗಿರುತ್ತದೆ, ಅದಕ್ಕೆ ಆಮೇಲೆ ಗೊತ್ತಾಗುತ್ತದೆ. ಆಗ ಅದು ಕೂಗುವುದಿಲ್ಲ, ಕೈಕಾಲು ಬಡಿಯುವುದಿಲ್ಲ. ಕಿವಿ ಇಳಿಬಿಟ್ಟು ನಮ್ಮ ಕಡೆ ನೋಡುತ್ತದೆ. ಎಷ್ಟೋ ಸಲ ಆ ನೋಟಕ್ಕೇ ನಗು ಬಂದಿರುತ್ತದೆ, ಬೀಳುವುದು ಆಮೇಲಿನ ಮಾತು.

ಬೀಳುವುದಕ್ಕೂ ಲೆಕ್ಕವಿತ್ತು. ಸಿನಿಮಾ ರೀಲಿನಲ್ಲಿ ಒಂದು ಸೆಕೆಂಡಿಗೆ 24 ಫ್ರೇಮು. ಕಯೋಟಿ ಚಿಕ್ಕದಾಗುತ್ತಾ ಹೋಗಿ ಕಾಣದಾಗಲು 18 ಫ್ರೇಮು. ಅದಾದ 14 ಫ್ರೇಮಿಗೆ ಕೆಳಗೆ ಪುಸಕ್ಕನೆ ಒಂದು ಧೂಳಿನ ಮೋಡ. 13 ಆದರೂ ನಗು ಬರುವುದಿಲ್ಲ, 15 ಆದರೂ ಬರುವುದಿಲ್ಲ, 14 ಆದರೇ ಬರುವುದು ಅಂತ ಜೋನ್ಸ್ ಹೇಳಿಕೊಂಡಿದ್ದಾರೆ. ಸ್ವಲ್ಪ ಜಂಬ ಅನ್ನಿಸಬಹುದು. ಆದರೆ ಚಿತ್ರ ಚಿತ್ರವಾಗಿ ಸಮಯ ಅಳೆದು ಜೀವನ ಕಳೆದವರಿಗೆ ಅಷ್ಟು ಜಂಬ ಇದ್ದರೆ ಇರಲಿ ಬಿಡಿ. ಅರ್ಧ ಸೆಕೆಂಡಿಗಿಂತ ಒಂಚೂರು ಜಾಸ್ತಿಯಾದ ಆ ಮೌನದಲ್ಲಿ ನಾವೆಲ್ಲ ಕಾಯುತ್ತಿರುತ್ತೇವೆ. ಧೂಳು ಏಳುತ್ತದೆ ಅಂತ ಗೊತ್ತಿರುವುದಕ್ಕೇ ಕಾಯುತ್ತೇವೆ. ಗೊತ್ತಿಲ್ಲದವನಿಗೆ ಅಲ್ಲಿ ಬರೀ ಖಾಲಿ ಪರದೆ.

ಇನ್ನು ಸುರಂಗದ ಚಿತ್ರ. ಮೊದಲ ಕಾರ್ಟೂನಿನಲ್ಲೇ ಇದು ಬರುತ್ತದೆ. ಕಯೋಟಿ ಬಂಡೆಯ ಮೇಲೆ ಸುರಂಗದ ಚಿತ್ರ ಬರೆಯುತ್ತದೆ. ಹಕ್ಕಿ ಬಂದು ಡಿಕ್ಕಿ ಹೊಡೆಯಲಿ ಅನ್ನುವುದು ಅದರ ಲೆಕ್ಕ. ಹಕ್ಕಿ ನಿಜವಾದ ಸುರಂಗ ಅನ್ನುವ ಹಾಗೆ ಒಳಗೆ ನುಗ್ಗಿ ಹೋಗಿಬಿಡುತ್ತದೆ. ಕಯೋಟಿ ಹಿಂದೆಯೇ ನುಗ್ಗಿದರೆ ಬಂಡೆಗೆ ಮುಖ ಜಜ್ಜಿಕೊಳ್ಳುತ್ತದೆ. ಇಷ್ಟೇ ಆಗಿದ್ದರೆ ಒಂದು ಒಳ್ಳೆಯ ಜೋಕ್, ಮುಗಿಯಿತು. ಆದರೆ 1952ರ "ಗೋಯಿಂಗ್! ಗೋಯಿಂಗ್! ಗಾಶ್!" ನೋಡಿ. ಈ ಸಲ ಮುರಿದ ರಸ್ತೆಯ ತುದಿಯಲ್ಲಿ, ರಸ್ತೆ ಮುಂದುವರಿದಂತೆ ಬರೆದ ಒಂದು ಪರದೆ. ಹಕ್ಕಿ ಚಿತ್ರದೊಳಗಿನ ರಸ್ತೆಯಲ್ಲೇ ಓಡಿ ಮಾಯವಾಗುತ್ತದೆ. ಅದು ನಾವು ಎಣಿಸಿದ್ದೇ. ಕಯೋಟಿ ಬೆರಗಾಗಿ ನಿಂತಿರುವಾಗ ಅದೇ ಚಿತ್ರದೊಳಗಿಂದ ಒಂದು ಲಾರಿ ಬಂದು ಅದರ ಮೇಲೆ ಹರಿದು ಹೋಗುತ್ತದೆ. ಇದನ್ನು ಎಣಿಸಿರಲಿಲ್ಲ, ಅಲ್ವಾ? ಸರಿ, ಚಿತ್ರದೊಳಗೆ ರಸ್ತೆ ಇದ್ದೇ ಇದೆ ಅಂತ ಕಯೋಟಿ ಧೈರ್ಯ ಮಾಡಿ ನುಗ್ಗುತ್ತದೆ. ಈಗ ಅದು ಬರೀ ಬಟ್ಟೆ. ಹರಿದುಕೊಂಡು ಆಚೆ ಪ್ರಪಾತಕ್ಕೆ ಬೀಳುತ್ತದೆ. ನಿಮಗೆ ಮೊದಲ ಜೋಕ್ ಗೊತ್ತಿದೆ ಅನ್ನುವುದನ್ನೇ ಹಿಡಿದುಕೊಂಡು ಎರಡನೆಯದನ್ನು ಕಟ್ಟಿದ್ದಾರೆ. ಮೊದಲನೆಯದನ್ನು ನೋಡದವನು ಇಲ್ಲಿ ಅರ್ಧ ನಗುತ್ತಾನೆ.

ನಮ್ಮ ಯಕ್ಷಗಾನದಲ್ಲಿ ಕೀಚಕ ಸಾಯುತ್ತಾನೆ ಅಂತ ಗೊತ್ತಿದ್ದೂ ಬೆಳಗಿನ ತನಕ ಕೂರುತ್ತೇವಲ್ಲ, ಹಾಗೆ ಅಂತ ನೀವೇ ಹೇಳಬಹುದು. ಹೌದು. ಆದರೆ ಕೀಚಕನ ವೇಷ ಹಾಕಿದವರು ಕೆಟ್ಟದಾಗಿ ಕುಣಿದರೆ ನಡುವೆಯೇ ಎದ್ದು ಹೋಗುವುದೂ ಉಂಟು. ಅದಕ್ಕೆ ಈ ಹಕ್ಕಿಯ ಕಥೆಯಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ.

ವಾರ್ನರ್ ತನ್ನ ಕಾರ್ಟೂನ್ ವಿಭಾಗವನ್ನು 1963ರಲ್ಲಿ ಮುಚ್ಚಿತು. 1965-66ರಲ್ಲಿ ರೋಡ್ ರನ್ನರ್ ಕಾರ್ಟೂನುಗಳನ್ನು ಹೊರಗಿನವರಿಂದ ಮಾಡಿಸಿದರು. ರೂಡಿ ಲಾರಿವಾ ನಿರ್ದೇಶಿಸಿದವು 11. ಅದೇ ಮರುಭೂಮಿ, ಅದೇ ಹಕ್ಕಿ, ಅದೇ ಬೀಳಾಟ. ಸೂತ್ರದಲ್ಲಿ ಒಂದಕ್ಷರ ಬದಲಾಗಿಲ್ಲ. ಆದರೆ ಕೂತು ನೋಡುವುದು ಕಷ್ಟ. ಖರ್ಚು ಕಡಿಮೆ ಮಾಡಲು ಚಿತ್ರಗಳನ್ನು ಕಡಿಮೆ ಮಾಡಿದರು. ಸಂಗೀತದ ಪಾಡಂತೂ ಬೇಸರ ತರುತ್ತದೆ. ಮೊದಲನೆಯದಕ್ಕೆ ಬಿಲ್ ಲಾವಾ ಬರೆದ ಸಂಗೀತವನ್ನೇ ತುಂಡು ಮಾಡಿ ಉಳಿದವುಗಳಿಗೆ ಅಂಟಿಸಿದರು. ಬಂಡೆ ಬೀಳುವ ಹೊತ್ತಿಗೆ ವಾದ್ಯ ಇನ್ನೇನನ್ನೋ ನುಡಿಸುತ್ತಿರುತ್ತದೆ. ಹಳೆಯವುಗಳಲ್ಲಿ ಕಾರ್ಲ್ ಸ್ಟಾಲಿಂಗ್ ಪ್ರತಿ ಹೆಜ್ಜೆಗೂ, ಪ್ರತಿ ಏಟಿಗೂ ಸ್ವರ ಬರೆಯುತ್ತಿದ್ದರು. ಶಬ್ದಗಳನ್ನು ಜೋಡಿಸಲು ಟ್ರೆಗ್ ಬ್ರೌನ್ ಅಂತ ಒಬ್ಬ ಮಾಂತ್ರಿಕರಿದ್ದರು. ಕಥೆ ಒಂದೇ ಆಗಿರುವುದು ನಗುವಿಗೆ ಅಡ್ಡಿ ಅಂತಾದರೆ ಎರಡೂ ಒಂದೇ ಥರ ಬೇಸರ ತರಬೇಕಿತ್ತು. ತರುವುದಿಲ್ಲ. ಎರಡರಲ್ಲೂ ಒಂದೊಂದನ್ನು ಮೊಮ್ಮಗನಿಗೆ ಹಾಕಿ ನೋಡಿ. ಅವನು ಯಾವಾಗ ಎದ್ದು ನೀರು ಕುಡಿಯಲು ಹೋಗುತ್ತಾನೆ ಅಂತ ಗಮನಿಸಿ.

(ಬ್ರೌನ್ ಹೆಸರು ಬಂತಲ್ಲ, ಆ "ಬೀಪ್ ಬೀಪ್" ಎಲ್ಲಿಂದ ಬಂತು ಅಂತಲೂ ಹೇಳಿಬಿಡುತ್ತೇನೆ. ಹಿನ್ನೆಲೆ ಚಿತ್ರ ಬರೆಯುತ್ತಿದ್ದ ಪಾಲ್ ಜೂಲಿಯನ್ ದೊಡ್ಡ ಚಿತ್ರ ಹೊತ್ತು ಸ್ಟುಡಿಯೋದ ಓಣಿಯಲ್ಲಿ ಓಡಾಡುವಾಗ ಮುಂದೆ ಯಾರಿದ್ದಾರೆ ಅಂತ ಕಾಣುತ್ತಿರಲಿಲ್ಲ. ದಾರಿ ಬಿಡಿ ಅನ್ನಲು ಬಾಯಲ್ಲೇ ಹಾರ್ನ್ ಮಾಡುತ್ತಿದ್ದರು. ಹಕ್ಕಿಗೆ ಅದೇ ದನಿ ಸಿಕ್ಕಿತು, ಅವರದೇ ಗಂಟಲಿನಿಂದ.)

ಆದರೂ ನಿಮ್ಮ ಬೇಸರ ಸುಳ್ಳಲ್ಲ. ಅದಕ್ಕೆ ನಾವು ನೋಡುವ ರೀತಿಯೂ ಕಾರಣ ಅಂತ ನನಗನ್ನಿಸುತ್ತದೆ. ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ 1940ರಿಂದ 1958ರವರೆಗೆ ಎಂಜಿಎಂಗೆ ಮಾಡಿದ ಟಾಮ್ ಅಂಡ್ ಜೆರ್ರಿಗಳು 114. ವರ್ಷಕ್ಕೆ ಸರಾಸರಿ ಆರು. ಆಗಿನ ನೋಡುಗನಿಗೆ ಒಂದು ನೋಡಿದ ಮೇಲೆ ಇನ್ನೊಂದು ಸಿಗುತ್ತಿದ್ದದ್ದು ತಿಂಗಳುಗಳ ನಂತರ, ಅದೂ ತುಂಬಿದ ಥಿಯೇಟರಿನಲ್ಲಿ. ನಮಗೆ ಇವು ಬಂದದ್ದು ಟಿವಿಯಲ್ಲಿ. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದಾಗ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು. ಮಾತು ತೀರಾ ಕಡಿಮೆ ಇದ್ದದ್ದರಿಂದ ಇಂಗ್ಲಿಷ್ ಬಾರದ ಅಜ್ಜಿಯರೂ ಮಕ್ಕಳ ಜೊತೆ ಕೂತು ನಗುತ್ತಿದ್ದರು. ಆದರೆ ಆರೇಳು ನಿಮಿಷಕ್ಕೆಂದು ಕಟ್ಟಿದ್ದನ್ನು ಎರಡು ಗಂಟೆ ಬಿಡದೆ ನೋಡಿದರೆ ಯಾವುದು ತಾನೇ ತಡೆದೀತು? ಈಗ ಫೋನಿನಲ್ಲಿ ತಾನಾಗಿಯೇ ಮುಂದಿನದು ಶುರುವಾಗುತ್ತದೆ. ಇನ್ನೂ ಕಷ್ಟ.

ಇನ್ನು, ಯಾವಾಗಲೂ ಇಲಿಯೇ ಗೆಲ್ಲುತ್ತದೆ ಅನ್ನುವುದು. ಬಹಳ ಸಲ ಗೆಲ್ಲುತ್ತದೆ, ನಿಜ. ಆದರೆ 1944ರ "ದ ಮಿಲಿಯನ್ ಡಾಲರ್ ಕ್ಯಾಟ್" ನೋಡಿ. ಟಾಮ್‌ಗೆ ಹತ್ತು ಲಕ್ಷ ಡಾಲರ್ ಆಸ್ತಿ ಬಂದಿದೆ. ಒಂದೇ ಷರತ್ತು, ಯಾವ ಪ್ರಾಣಿಗೂ ನೋವು ಮಾಡಬಾರದು, ಇಲಿಗೂ. ಜೆರ್ರಿ ಇದನ್ನು ಹಿಡಿದುಕೊಂಡು ಕೊಡಬಾರದ ಕಾಟ ಕೊಡುತ್ತದೆ. ಕೊನೆಗೆ ಟಾಮ್ ತಡೆಯಲಾರದೆ ಮೈಮೇಲೆ ಬೀಳುತ್ತದೆ. ಬಡಿಯುವ ನಡುವೆ ನಮ್ಮ ಕಡೆ ತಿರುಗಿ, ದುಡ್ಡು ಹೋಯಿತು, ಆದರೆ ಖುಷಿಯಾಯಿತು ಅಂತ ಬಾಯಿಬಿಟ್ಟು ಹೇಳುತ್ತದೆ. ಸದಾ ಸೋಲುವ ಬೆಕ್ಕಿನ ಬಾಯಲ್ಲಿ ಆ ಮಾತು ಬಂದದ್ದಕ್ಕೇ ಅದಕ್ಕೆ ಅಷ್ಟು ತೂಕ.

ಕಯೋಟಿಗೂ ಹಕ್ಕಿ ಸಿಕ್ಕಿದೆ. 1980ರ "ಸೂಪ್ ಆರ್ ಸಾನಿಕ್" ಅನ್ನುವುದರಲ್ಲಿ. ಓಡುತ್ತಾ ಓಡುತ್ತಾ ಕಯೋಟಿ ಬೆರಳುದ್ದ ಆಗಿಬಿಟ್ಟಿದೆ, ಹಕ್ಕಿ ಮಾತ್ರ ಮೊದಲಿನಷ್ಟೇ ಇದೆ. ಗುಡ್ಡದಂಥ ಹಕ್ಕಿಯ ಕಾಲನ್ನು ತಬ್ಬಿ ಹಿಡಿಯುತ್ತದೆ. ಹಿಡಿದೆ! ಆಮೇಲೆ ತಲೆಯೆತ್ತಿ ನೋಡಿ, ನಮ್ಮ ಕಡೆ ಫಲಕ ಎತ್ತುತ್ತದೆ. ಹಿಡಿಯಬೇಕು ಹಿಡಿಯಬೇಕು ಅಂತಿದ್ದಿರಲ್ಲ, ಈಗ ಏನು ಮಾಡಲಿ ಅನ್ನುವ ಅರ್ಥದ ಮಾತು ಅದರಲ್ಲಿದೆ. ನಿಮ್ಮ ಪತ್ರ ಓದಿದಾಗ ನನಗೆ ಮೊದಲು ನೆನಪಾದದ್ದೇ ಇದು.

ಹಾಗಂತ ಹಳೆಯದೆಲ್ಲ ಚಿನ್ನ ಅನ್ನುತ್ತಿಲ್ಲ. ಆ ಕಾಲದ ಕಾರ್ಟೂನುಗಳಲ್ಲಿ ಬಾಂಬು ಸಿಡಿದ ಮೇಲೆ ಮುಖ ಕಪ್ಪಾಗಿ, ತುಟಿ ದಪ್ಪವಾಗಿ ಕಾಣುವ ಒಂದು ತಮಾಷೆ ಪದೇ ಪದೇ ಬರುತ್ತದೆ. ಅದು ಅಮೆರಿಕದ ಕರಿಯರನ್ನು ಆಡಿಕೊಳ್ಳುತ್ತಿದ್ದ ನಾಟಕಗಳಿಂದ ಎತ್ತಿಕೊಂಡದ್ದು. ಟಾಮ್‌ನ ಮನೆಯ ಕೆಲಸದ ಹೆಂಗಸನ್ನು ತೋರಿಸಿದ ರೀತಿಯೂ ಅದೇ ಜಾತಿಯದು. ಅದೂ ಮೊದಲೇ ಗೊತ್ತಾಗುವ ಜೋಕ್. ಅಲ್ಲಿ ನನಗೆ ನಗು ಬರುವುದಿಲ್ಲ. ಮೊಮ್ಮಗ ನಕ್ಕರೆ ನಿಲ್ಲಿಸಿ ಒಂದು ಮಾತು ಹೇಳುವುದು ಒಳ್ಳೆಯದು. ಇನ್ನೊಂದು ಮಾತು. ಚಕ್ ಜೋನ್ಸ್ 1963ರಿಂದ 1967ರವರೆಗೆ ಟಾಮ್ ಅಂಡ್ ಜೆರ್ರಿಯನ್ನೂ ಮಾಡಿದರು, ಒಟ್ಟು 34. ನೋಡಲು ಚೆಂದ, ಆದರೆ ನನಗೆ ಅವು ಸಪ್ಪೆ. ಏಟು ಬೀಳುತ್ತದೆ, ನೋವಾಗುವುದಿಲ್ಲ. ಹ್ಯಾನಾ ಅವರ ಟಾಮ್‌ಗೆ ಬಾಲ ಬಾಗಿಲಿಗೆ ಸಿಕ್ಕಿದರೆ ಬರುವ ಆ ಚೀರಾಟ ನೆನಪಿದೆಯಲ್ಲ? ಅದು ಸ್ವತಃ ಹ್ಯಾನಾ ಅವರದೇ ಗಂಟಲು.

ಹಾಗಾಗಿ ನನ್ನ ಸಲಹೆ ಇಷ್ಟೇ. ದಿನಕ್ಕೆ ಒಂದು ನೋಡಿ, ಜಾಸ್ತಿ ಬೇಡ. "ಫಾಸ್ಟ್ ಅಂಡ್ ಫರಿ-ಅಸ್" ಮೊದಲು, "ಗೋಯಿಂಗ್! ಗೋಯಿಂಗ್! ಗಾಶ್!" ಆಮೇಲೆ. ಈ ಕ್ರಮ ಮಾತ್ರ ತಪ್ಪಿಸಬೇಡಿ. 1965ರದ್ದು ಬಂದರೆ ಚಾನೆಲ್ ಬದಲಿಸಿ, ನಮ್ಮ ಪತ್ರಿಕೆಯ ಕಡೆಯಿಂದ ಯಾವ ತಕರಾರೂ ಇಲ್ಲ.

— ಸಂಪಾದಕ