ಕಂಪನಿಯ ಕಥಾಸರಣಿಗೆ ಕಾದಂಬರಿ ಬರೆಯುವವರು ಓದುಗರ ಎಲ್ಲ ಪ್ರಶ್ನೆಗೂ ಉತ್ತರ ಕೊಡಬೇಕಾ?

ನೀವು ಒಂದು ಕಂಪನಿಯ ವೈಜ್ಞಾನಿಕ ಕಥಾಸರಣಿಗೆ ಬರೆಯುತ್ತೀರಿ. ಓದುಗರು ದಿನಾ ಪ್ರಶ್ನೆ ಹಾಕುತ್ತಾರೆ. ಉತ್ತರ ಕೊಡದಿದ್ದರೆ ಬಿಟ್ಟು ಹೋಗುತ್ತಾರೇನೋ ಅಂತ ನಿಮಗೆ ಭಯ, ದಿನಕ್ಕೆ ಎಷ್ಟು ಹೊತ್ತು ಇದಕ್ಕೆ ಇಡಬೇಕು ಅಂತ ಕೇಳಿದ್ದೀರಿ. ಓದಿ ನನ್ನ ಎದೆ ಧಸಕ್ಕೆಂದಿತು. ಆರು ವರ್ಷದ ಹಿಂದೆ ನಾನೂ ಇದೇ ಜಾಗದಲ್ಲಿ ನಿಂತಿದ್ದೆ.

ನಾನು ಬಾಗಲಕೋಟೆಯವನು, ಮನೆ ನವನಗರದಲ್ಲಿ. ಹಗಲು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತೇನೆ, ರಾತ್ರಿ ಬರೆಯುತ್ತೇನೆ. ಆಗ ಒಂದು ಆಡಿಯೊ ಕಥೆಗಳ ಕಂಪನಿ ನಾಲ್ಕು ಜನರಿಂದ ಒಂದು ಸರಣಿ ಬರೆಸುತ್ತಿತ್ತು. ಕಥೆ ನಡೆಯುವ ಲೋಕ ಕಂಪನಿಯ ಸೊತ್ತು. ಯಾವ ನೌಕೆ ಎಷ್ಟು ವೇಗ, ಯಾವ ಗ್ರಹದಲ್ಲಿ ಯಾರಿದ್ದಾರೆ, ಯಾರು ಯಾರ ಮಗಳು, ಎಲ್ಲ ಒಂದೇ ಫೈಲಿನಲ್ಲಿ ಇರುತ್ತಿತ್ತು. ಅದಕ್ಕೆ ನಾವು ‘ಬೈಬಲ್’ ಅನ್ನುತ್ತಿದ್ದೆವು. ಎಪಿಸೋಡಿಗೆ ಇಷ್ಟು ಅಂತ ದುಡ್ಡು.

ನನ್ನ ಪಾಲಿಗೆ ಬಂದದ್ದು ಎರಡನೇ ಪುಸ್ತಕ. ಊರು ಮುಳುಗಿದ ಮೇಲೆ ಅಲ್ಲಿನ ಜನ ನೌಕೆ ಹತ್ತಿ ಹೋಗುವ ಕಥೆ. ಆ ಊರು ಎಲ್ಲಿಂದ ಬಂತು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಆಲಮಟ್ಟಿಯಲ್ಲಿ 519.6 ಮೀಟರ್‌ವರೆಗೆ ನೀರು ನಿಲ್ಲಿಸಿದರೆ ಹಿನ್ನೀರು ಘಟಪ್ರಭೆಯಲ್ಲಿ ಹಿಂದೆ ಹಿಂದೆ ಸರಿದು ನಮ್ಮ ಹಳೇ ಬಾಗಲಕೋಟೆಗೆ ಬರುತ್ತದೆ. ಮನೆ ಬಿಡುವಾಗ ನಮ್ಮವ್ವ ಪಾತ್ರೆ ಪಗಡೆಗಿಂತ ಮೊದಲು ತಲೆಬಾಗಿಲಿನ ಸಾಗವಾನಿ ಚೌಕಟ್ಟನ್ನು ಕೀಳಿಸಿ ಟ್ರ್ಯಾಕ್ಟರಿಗೆ ಹಾಕಿಸಿದಳು. ಈಗ ಅದು ನಮ್ಮ ದೇವರ ಮನೆಗೆ ಇದೆ. ಎಡಗಡೆ ಕಂಬದಲ್ಲಿ ನಾನು ಐದನೇ ಕ್ಲಾಸಿನಲ್ಲಿ ಚಾಕುವಿನಿಂದ ಕೆತ್ತಿದ ನನ್ನ ಹೆಸರು ಅರ್ಧ ಇದೆ. ಪೂರ್ತಿ ಆಗುವಷ್ಟರಲ್ಲಿ ಏಟು ಬಿದ್ದಿತ್ತು.

ಪುಸ್ತಕದಲ್ಲಿ ಎಂಜಿನ್ ನೋಡಿಕೊಳ್ಳುವ ಒಬ್ಬ ಮುದುಕಿ ಇದ್ದಳು. ನೌಕೆಯಲ್ಲಿ ಒಬ್ಬೊಬ್ಬರಿಗೆ ಇಷ್ಟು ಕಿಲೋ ಸಾಮಾನು ಅಂತ ಲೆಕ್ಕ. ಅವಳು ಬಟ್ಟೆಬರೆ ಬಿಟ್ಟು ಮನೆಯ ಬಾಗಿಲ ಚೌಕಟ್ಟು ತರುತ್ತಾಳೆ, ಅದನ್ನೇ ಎಂಜಿನ್ ರೂಮಿಗೆ ಕೂಡಿಸುತ್ತಾಳೆ. ಓದುಗರು ಅವಳನ್ನು ಎಂಜಿನ್ ಅಜ್ಜಿ ಅಂತ ಕರೆದರು. ಕೊನೆಗೆ ನೌಕೆಯ ಗೋಡೆ ಒಡೆಯುತ್ತದೆ. ಅಜ್ಜಿ ಮಕ್ಕಳನ್ನು ಒಳಗೆ ಹಾಕಿ ಬಾಗಿಲು ಮುಚ್ಚಿ, ತಾನು ಗಾಳಿ ಇಲ್ಲದ ಕಡೆ ಉಳಿಯುತ್ತಾಳೆ. ಸಾಯುವ ಮುಂಚೆ ಮಕ್ಕಳಿಗೆ ನಾಲ್ಕು ಮಾತು ಹೇಳುತ್ತಾಳೆ. ಅದನ್ನು ಬರೆಯುವಾಗ ನಾನು ಅತ್ತಿದ್ದೆ.

ಒಂದು ರಾತ್ರಿ ಹನ್ನೊಂದೂವರೆಗೆ ಮುಧೋಳದ ಒಬ್ಬ ಡಿಪ್ಲೊಮಾ ಹುಡುಗ ಕೇಳಿದ: “ಸರ್, ಅಜ್ಜಿ ಹೆಲ್ಮೆಟ್ ಇಲ್ಲದೆ ಎಷ್ಟು ಹೊತ್ತು ಮಾತಾಡಿದಳು ಅಂತ ಆಡಿಯೊ ಹಾಕಿ ಅಳೆದೆ. 1 ನಿಮಿಷ 40 ಸೆಕೆಂಡ್. ಅಷ್ಟು ಹೊತ್ತು ಎಚ್ಚರ ಇರೋಕೆ ಆಗುತ್ತಾ? ಗಾಳಿ ಇಲ್ಲದೆ ಮಾತು ಮಕ್ಕಳಿಗೆ ಹೇಗೆ ಕೇಳಿಸಿತು?”

ಆಗುವುದಿಲ್ಲ. 1966ರಲ್ಲಿ ಹ್ಯೂಸ್ಟನ್‌ನಲ್ಲಿ ನಾಸಾದ ನಿರ್ವಾತ ಕೋಣೆಯೊಳಗೆ ಜಿಮ್ ಲೆಬ್ಲಾಂಕ್ ಅನ್ನುವ ತಂತ್ರಜ್ಞ ಅಂತರಿಕ್ಷ ಸೂಟ್ ಪರೀಕ್ಷೆ ಮಾಡುತ್ತಿದ್ದಾಗ ಗಾಳಿಯ ಕೊಳವೆ ಕಳಚಿತು. ಸುಮಾರು 14 ಸೆಕೆಂಡಿಗೆ ಎಚ್ಚರ ತಪ್ಪಿತು. ನಾಲಿಗೆ ಮೇಲೆ ಎಂಜಲು ಗುಳ್ಳೆ ಗುಳ್ಳೆಯಾಗಿ ಕುದಿದದ್ದು ಕೊನೆಯ ನೆನಪು ಅಂತ ಅವರೇ ಹೇಳಿದ್ದಾರೆ. ಬೇಗ ಗಾಳಿ ತುಂಬಿದ್ದರಿಂದ ಬದುಕಿದರು. ಇದನ್ನು ನಾನು ಕ್ಲಾಸಿನಲ್ಲಿ ಹೇಳುತ್ತಿದ್ದೆ! ನಿರ್ವಾತದಲ್ಲಿ ಶಬ್ದ ಹೋಗುವುದಿಲ್ಲ ಅಂತ ಬೋರ್ಡಿನ ಮೇಲೆ ಬರೆಸುವವನು ನಾನು. ನನ್ನ ವಿದ್ಯಾರ್ಥಿಗಳೂ ಆ ಕಾದಂಬರಿ ಕೇಳುತ್ತಿದ್ದರು. ತಪ್ಪು ಅಂತ ಒಪ್ಪಲು ಬಾಯಿ ಬರಲಿಲ್ಲ. ಐದೇ ನಿಮಿಷದಲ್ಲಿ ಬರೆದೆ: “ಒಳ್ಳೆ ಪ್ರಶ್ನೆ. ಅಜ್ಜಿಯ ಎದೆಯಲ್ಲಿ ಇದ್ದದ್ದು ಮನುಷ್ಯರ ಶ್ವಾಸಕೋಶ ಅಂತ ಯಾರು ಹೇಳಿದರು? ಮುಂದಿನ ಪುಸ್ತಕಕ್ಕೆ ಕಾಯಿರಿ.”

ನನ್ನ ತಪ್ಪು ಇದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕೇಳಿದವರೆಲ್ಲ ಬೇರೆ ಏನನ್ನೋ ತಪ್ಪು ಅಂದುಕೊಳ್ಳುತ್ತಾರೆ. ವಿಜ್ಞಾನ ತಪ್ಪಿದ್ದು ದೊಡ್ಡದಲ್ಲ, ಅದನ್ನು ತಿದ್ದಬಹುದಿತ್ತು. ಹುಡುಗನಿಗೆ ಉತ್ತರ ಕೊಟ್ಟದ್ದೂ ತಪ್ಪಲ್ಲ, ಕೊಡಲೇಬೇಕಿತ್ತು. ಸುಳ್ಳು ಹೇಳಿದ್ದು ತಪ್ಪು ನಿಜ, ಆದರೆ ಕಥೆಗಾರ ಕಥೆಯ ಬಗ್ಗೆ ಹೇಳುವ ಸುಳ್ಳನ್ನು ಜನ ಸುಳ್ಳು ಅಂತ ಎಣಿಸುವುದೇ ಇಲ್ಲ, ಹೊಸ ಸುದ್ದಿ ಅಂತ ತಗೊಳ್ಳುತ್ತಾರೆ. ನನ್ನನ್ನು ಮುಳುಗಿಸಿದ್ದು ‘ಮುಂದಿನ ಪುಸ್ತಕ’ ಅನ್ನುವ ಎರಡು ಪದ. ಮುಂದಿನ ಪುಸ್ತಕ ನನ್ನದಾಗಿರಲಿಲ್ಲ. ಧಾರವಾಡದ ಒಬ್ಬ ಲೇಖಕಿ ಅದನ್ನು ಬರೆಯುತ್ತಿದ್ದರು. ನಾನು ಅಕ್ಕಾರು ಅಂತ ಕರೆಯುತ್ತಿದ್ದೆ. ಅಜ್ಜಿಯ ಬಾಲ್ಯ, ಅವಳ ಹಡೆದವ್ವ, ಅವಳ ಮಗಳ ಹೆರಿಗೆ, ಇದೇ ಅವರ ಕಥೆ. ಅದರ ಸಾರಾಂಶ ಮೂರು ವಾರ ಮುಂಚೆ ನನಗೂ ಮೇಲ್‌ನಲ್ಲಿ ಬಂದಿತ್ತು. ಉತ್ತರ ಟೈಪ್ ಮಾಡಿದ ಅದೇ ಮೊಬೈಲಿನಲ್ಲಿತ್ತು. ನಾನು ತೆರೆದಿರಲಿಲ್ಲ.

ಬೆಳಗಾಗುವಷ್ಟರಲ್ಲಿ ಇನ್ನೂರು ಕಮೆಂಟು. ಎಂಜಿನ್ ಅಜ್ಜಿ ಮೆಷಿನ್ ಅಂತೆ! ಹಳೇ ಎಪಿಸೋಡುಗಳಿಂದ ಜನ ಸಾಕ್ಷಿ ಹುಡುಕಿ ತಂದರು. ಅಜ್ಜಿ ಊಟ ಮಾಡಿದ್ದನ್ನು ಯಾರೂ ನೋಡಿಲ್ಲ, ಅಲ್ವಾ? ಅವಳು ಮಲಗಿದ್ದು ಯಾವಾಗ? ನಾನು ಬರೆಯಲು ಮರೆತದ್ದೆಲ್ಲ ಸಾಕ್ಷಿಯಾಯಿತು. ಕಂಪನಿಯವರು ಈ ಗದ್ದಲ ನೋಡಿ ಅಜ್ಜಿಯನ್ನು ನಿಜವಾಗಿಯೂ ಮೆಷಿನ್ ಮಾಡಿಬಿಟ್ಟರು. ಅಕ್ಕಾರು ಅರ್ಧ ಪುಸ್ತಕ ಎತ್ತಿ ಪಕ್ಕಕ್ಕಿಟ್ಟರು, ಮೂರು ತಿಂಗಳ ಕೆಲಸ. ಫೋನ್ ಮಾಡಿ ಕ್ಷಮೆ ಕೇಳಿದೆ. “ಇರ್ಲಿ ಬಿಡ್ರಿ” ಅಂದರು. ಆಮೇಲೆ ನನ್ನ ಫೋನ್ ಎತ್ತಲಿಲ್ಲ.

ನನಗೆ ಬರಬೇಕಿದ್ದ ನಾಲ್ಕನೇ ಪುಸ್ತಕ ಹೋಯಿತು. ಕರಾರಿನ ಒಂಬತ್ತನೇ ಕಲಮಿನಲ್ಲಿ ಸ್ಪಷ್ಟವಾಗಿ ಇತ್ತು, ಪ್ರಕಟವಾಗದ ಯಾವ ವಿಷಯವನ್ನೂ ಹೊರಗೆ ಹೇಳಬಾರದು, ಲೋಕಕ್ಕೆ ಏನನ್ನೂ ಸೇರಿಸಬಾರದು ಅಂತ. ಓದದೆ ಸಹಿ ಹಾಕಿದ್ದೆ. ಕೊನೆಯ ಕಂತಿನ ದುಡ್ಡು ಆರು ತಿಂಗಳು ತಡವಾಗಿ ಬಂತು.

ದುಡ್ಡಿನದು ಮರೆತೆ. ಮರೆಯದೇ ಇರುವುದು ಇಳಕಲ್‌ನ ಒಬ್ಬ ಹೆಣ್ಣುಮಗಳು ಬರೆದ ಸಾಲು. “ನಮ್ಮಜ್ಜಿ ಥರಾನೇ ಅಂತ ಅಂದುಕೊಂಡಿದ್ದೆ ಸರ್. ಅವರದೂ ಹಳೇ ಬಾಗಲಕೋಟೆ.” ಅಷ್ಟೇ ಬರೆದಿದ್ದಳು, ಮುಂದೆ ಏನೂ ಕೇಳಿರಲಿಲ್ಲ. ಅವ್ವನಿಗೂ ಸುದ್ದಿ ಮುಟ್ಟಿತು. ಅಕ್ಕಿ ಆರಿಸುತ್ತ ಕೂತಿದ್ದವಳು ತಲೆ ಎತ್ತದೆ ಕೇಳಿದಳು: “ಆಕಿ ಮಷೀನ ಆಗಿದ್ರ ಬಾಗಲಾ ಯಾಕ ಹೊತ್ಗೊಂಡು ಹೋಗ್ತಿದ್ಳೋ ತಮ್ಮಾ?”

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಉತ್ತರ ಕೊಡದ ಕಾರಣಕ್ಕೆ ಬಿಟ್ಟು ಹೋದ ಓದುಗರನ್ನು ನಾನು ಒಬ್ಬರನ್ನೂ ಕಂಡಿಲ್ಲ. ಆ ಭಯ ಬಿಡಿ. ದಿನಕ್ಕೆ ಅರ್ಧ ಗಂಟೆಯೋ ಎರಡು ಗಂಟೆಯೋ ಅನ್ನುವ ಲೆಕ್ಕವೂ ಬೇಡ. ನಾನು ಮುಳುಗಿದ್ದು ಐದು ನಿಮಿಷದಲ್ಲಿ. ಬರೆದು ಮುಗಿದ ಪುಟದ ಬಗ್ಗೆ ಎಷ್ಟು ಬೇಕಾದರೂ ಮಾತಾಡಿ. ಬರೆಯದ ಪುಟದ ಬಗ್ಗೆ ಒಂದು ಪದವನ್ನೂ ಹೇಳಬೇಡಿ, ಅದು ನಿಮ್ಮದೇ ಪುಸ್ತಕ ಆದರೂ. ಕಂಪನಿಯ ಲೋಕದಲ್ಲಿ ಬರೆದು ಮುಗಿದದ್ದಕ್ಕೇ ಗ್ಯಾರಂಟಿ ಇಲ್ಲ. 2014ರಲ್ಲಿ ಸಿನಿಮಾ ಸರಣಿ ಸ್ಟಾರ್ ವಾರ್ಸ್‌ನವರು ಅಲ್ಲಿವರೆಗೆ ಬಂದಿದ್ದ ಹೆಚ್ಚಿನ ಕಾದಂಬರಿಗಳನ್ನು ‘ಲೆಜೆಂಡ್ಸ್’ ಅಂತ ಹೆಸರಿಟ್ಟು ಮುಖ್ಯ ಕಥೆಯಿಂದ ಬೇರೆ ಮಾಡಿದರು. ಅವನ್ನು ಬರೆದವರು ಹೆಸರಾಂತರು. ಆದರೂ ಲೋಕದ ಒಡೆಯರು ಅವರಲ್ಲ.

ಓದುಗರು “ಮುಂದೆ ಹೀಗೆ ಮಾಡಿ” ಅಂತ ಐಡಿಯಾ ಕೊಟ್ಟರೆ ಅಲ್ಲೇ ಕೈಮುಗಿದು ನಿಲ್ಲಿಸಿ. ಇದೂ ನನ್ನ ಗಟ್ಟಿ ಅಭಿಪ್ರಾಯ. ಬ್ಯಾಬಿಲಾನ್ 5 ಟಿವಿ ಸರಣಿಯ ಲೇಖಕ ಜೆ. ಮೈಕಲ್ ಸ್ಟ್ರಜಿನ್ಸ್ಕಿ 1990ರ ದಶಕದಲ್ಲೇ ಅಭಿಮಾನಿಗಳಿಗೆ ನೇರವಾಗಿ ಉತ್ತರ ಬರೆಯುತ್ತಿದ್ದರು. ಕಥೆಯ ಐಡಿಯಾ ಮಾತ್ರ ಹಾಕಬೇಡಿ ಅಂತ ಬೇಡಿಕೊಂಡಿದ್ದರು. ಆದರೂ ಒಬ್ಬರು ಹಾಕಿದರು. ಅದು ಅವರು ಬರೆಯಬೇಕೆಂದಿದ್ದ ಒಂದು ಕಂತನ್ನು ಹೋಲುತ್ತಿತ್ತು. ಐಡಿಯಾ ಕದ್ದರು ಅನ್ನುವ ತಕರಾರು ಬರಬಾರದು ಅಂತ, ಆ ಅಭಿಮಾನಿ ಬರವಣಿಗೆಯಲ್ಲಿ ಒಪ್ಪಿಗೆ ಕೊಡುವವರೆಗೆ ಆ ಕಂತು ನಿಂತೇ ಹೋಯಿತು.

ಹಾಗಂತ ಓದುಗರನ್ನು ದೂರ ಇಡಬೇಡಿ. ನೀವು ಅವರನ್ನು ಅಭಿಮಾನಿಗಳು ಅಂದಿದ್ದೀರಿ, ಅದಕ್ಕಿಂತ ಮೊದಲು ಅವರು ಓದುಗರು. ಆ ಮುಧೋಳದ ಹುಡುಗ ನನ್ನ ಪುಸ್ತಕವನ್ನು ನನಗಿಂತ ಚೆನ್ನಾಗಿ ಓದಿದ್ದ. ಅವನ ಪ್ರಶ್ನೆ ಮುಂದಿಟ್ಟುಕೊಂಡು ಎರಡು ವರ್ಷದ ಮೇಲೆ ಆ ದೃಶ್ಯವನ್ನು ಮತ್ತೆ ಬರೆದೆ. ಈಗ ಅಜ್ಜಿಗೆ ಮಾತೇ ಇಲ್ಲ. ಇರುವುದು ಹನ್ನೆರಡು ಸೆಕೆಂಡು. ಅವಳು ಬಾಗಿಲ ಚೌಕಟ್ಟಿನ ಮೇಲೆ ಬೆರಳ ಗೆಣ್ಣಿನಿಂದ ಬಡಿಯುತ್ತಾಳೆ, ದಿನಾ ಊಟಕ್ಕೆ ಕರೆಯುವಾಗ ಬಡಿಯುತ್ತಿದ್ದ ಹಾಗೇ ಮೂರು ಸಲ. ಗಾಳಿ ಇಲ್ಲದಿದ್ದರೂ ಕಟ್ಟಿಗೆಯಲ್ಲಿ ಶಬ್ದ ಹೋಗುತ್ತದೆ. ಒಳಗೆ ಮಕ್ಕಳು ಚೌಕಟ್ಟಿಗೆ ಕಿವಿ ಹಚ್ಚಿ ನಿಂತಿರುತ್ತಾರೆ. ಹುಡುಗ ಆವತ್ತು ಕೇಳಿದಾಗಲೇ “ತಪ್ಪಾಗಿದೆ ತಮ್ಮಾ, ತಿದ್ದುತ್ತೇನೆ” ಅಂದಿದ್ದರೆ ಈ ದೃಶ್ಯ ಪುಸ್ತಕದಲ್ಲಿ ಇರುತ್ತಿತ್ತು. ಈಗ ನನ್ನ ನೋಟ್‌ಬುಕ್ಕಿನಲ್ಲಿದೆ. ಎಲ್ಲೂ ಹಾಕುವ ಹಾಗಿಲ್ಲ, ಅಜ್ಜಿ ಕಂಪನಿಯವಳು. ಹುಡುಗನಿಗೆ ಮಾತ್ರ ಬರೆದೆ, ಅವಳು ಮೆಷಿನ್ ಅನ್ನುವುದು ನಾನು ಆ ರಾತ್ರಿ ಕಟ್ಟಿದ್ದು, ನಿನ್ನ 1 ನಿಮಿಷ 40 ಸೆಕೆಂಡಿನ ಲೆಕ್ಕ ಸರಿ ಇತ್ತು ಅಂತ.

ನಿಮ್ಮ ಕರಾರು ಪತ್ರವನ್ನು ಇವತ್ತೇ ತೆಗೆದು ಓದಿ. ನಿಮ್ಮ ಬರಹದ ಹಕ್ಕು ಕಂಪನಿಗೆ ಎಷ್ಟು ವರ್ಷಕ್ಕೆ, ಎಲ್ಲೆಲ್ಲಿಗೆ ಅಂತ ಬರೆದಿದ್ದಾರಾ ನೋಡಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ನನ್ನದರಲ್ಲಿ ಎರಡನ್ನೂ ಪೂರ್ತಿ ಬರೆಸಿಕೊಂಡಿದ್ದರು. ಹೊರಗೆ ಏನು ಹೇಳಬಾರದು ಅನ್ನುವ ಕಲಮನ್ನು ಎರಡು ಸಲ ಓದಿ. ತಿಳಿಯದ ಸಾಲಿದ್ದರೆ ಕಂಪನಿಯ ಹೆಸರು ತೆಗೆದು ಇಲ್ಲಿ ಕೆಳಗೆ ಹಾಕಿ. ರಾತ್ರಿ ನಾನು ಉತ್ತರ ಬರೆಯುವುದಿಲ್ಲ. ಭಾನುವಾರ ಬೆಳಿಗ್ಗೆ ನೋಡುತ್ತೇನೆ.