ಓದು ಬರದ ಅಮ್ಮ ಮಗುವಿಗೆ ಲೆಕ್ಕ ಕಲಿಸೋಕೆ ಆಗುತ್ತಾ?

ಖಂಡಿತ ಆಗುತ್ತದೆ. ಯಾಕಂದ್ರೆ ನಾಲ್ಕೈದು ವರ್ಷದ ಮಗುವಿಗೆ ಮೊದಲು ಬೇಕಾಗಿರುವುದು ಅಂಕಿ ಬರೆಯುವುದಲ್ಲ, ಎಣಿಕೆ ಅಂದ್ರೆ ಏನು ಅನ್ನುವುದು ತಲೆಗೆ ಹತ್ತಬೇಕು.

ಒಂದರಿಂದ ಹತ್ತರವರೆಗೆ ಪಟಪಟ ಹೇಳುವ ಮಗುವಿನ ಮುಂದೆ ಆರು ಹುಣಸೆ ಬೀಜ ಇಟ್ಟು ನೋಡಿ. ಒಂದೇ ಬೀಜವನ್ನು ಎರಡು ಸಲ ಮುಟ್ಟಬಹುದು, ಇಲ್ಲಾಂದ್ರೆ ಸರಿಯಾಗೇ ಆರರವರೆಗೆ ಬಂದು, 'ಹಾಗಾದ್ರೆ ಒಟ್ಟು ಎಷ್ಟು?' ಅಂದ ಕೂಡಲೇ ಮತ್ತೆ ಒಂದರಿಂದ ಶುರು ಮಾಡಬಹುದು. ಬಾಯಿಪಾಠ ಬಂದಿದೆ, ಎಣಿಕೆ ಬಂದಿಲ್ಲ, ಅಷ್ಟೇ. ಒಂದು ವಸ್ತುವಿಗೆ ಒಂದೇ ಸಂಖ್ಯೆ, ಕೊನೆಗೆ ಹೇಳಿದ್ದೇ ಒಟ್ಟು. ಇವೆರಡು ಮುಟ್ಟಿ, ಎತ್ತಿಟ್ಟು, ತಪ್ಪಿ ಮತ್ತೆ ಎಣಿಸಿದಾಗಲೇ ಗಟ್ಟಿಯಾಗುವುದು. 'ಊಟಕ್ಕೆ ಐದು ಜನ ಇದ್ದೀವಿ, ತಟ್ಟೆ ಹಾಕು' ಅನ್ನೋಕೆ ಅಮ್ಮನಿಗೆ ಅಕ್ಷರ ಯಾಕೆ ಬೇಕು, ಅಲ್ವಾ?

1995ರಲ್ಲಿ ಮುಂಬೈಯಲ್ಲಿ ಹುಟ್ಟಿದ, ಮಕ್ಕಳ ಶಿಕ್ಷಣಕ್ಕಾಗಿ ದುಡಿಯುವ 'ಪ್ರಥಮ್' ಸಂಸ್ಥೆ ನಂಬಿದ್ದೂ ಇಂಥದ್ದನ್ನೇ. ಕಟ್ಟಡಕ್ಕೆ ಕಾಯದೆ, ಕೊಳೆಗೇರಿಯ ಹೆಣ್ಣುಮಕ್ಕಳೇ ಸಿಕ್ಕ ಜಾಗದಲ್ಲಿ ಬಾಲವಾಡಿ ನಡೆಸಿದರು. ಮುಂದೆ ಬಿಹಾರ, ರಾಜಸ್ಥಾನದ ಹಳ್ಳಿಗಳಲ್ಲಿ ಅಮ್ಮಂದಿರಿಗೆ ಓದು ಕಲಿಸುವುದು, ಮನೆಯಲ್ಲಿ ಮಕ್ಕಳ ಜೊತೆ ಮಾಡುವ ಚಟುವಟಿಕೆ ಕೊಡುವುದು, ಎರಡನ್ನೂ ಸಂಶೋಧಕರು ಪರೀಕ್ಷಿಸಿದರು. ಮಕ್ಕಳ ಲೆಕ್ಕ ಸುಧಾರಿಸಿತು, ಆದರೆ ಸ್ವಲ್ಪವೇ. ಜಾದೂ ಏನಲ್ಲ. ಎರಡನ್ನೂ ಸೇರಿಸಿದಾಗ ಫಲ ಇನ್ನಷ್ಟು ಸಿಕ್ಕಿತು.

ಓದಿನ ವಿಷಯ ಬೇರೆ. ಅಕ್ಷರವನ್ನು ಯಾರಾದರೂ ತೋರಿಸಲೇಬೇಕು. ಆದರೂ ಕತೆ ಹೇಳಿ, 'ಆಮೇಲೆ ಏನಾಯ್ತು?' ಅಂತ ಕೇಳುವುದರಿಂದ ಮಗುವಿನ ಮಾತು, ಪದಗಳು ಜಾಸ್ತಿಯಾಗುತ್ತವೆ, ಓದು ನಿಲ್ಲುವುದು ಅದರ ಮೇಲೇ.