ಎಂಟು ನಿಮಿಷದಲ್ಲಿ 22 ಸ್ಲೈಡ್ ಮುಗಿಯದಿರುವ ಬಗ್ಗೆ

ಪರೀಕ್ಷಕರ ಮುಂದೆ ನಿಮ್ಮ ಪ್ರಾಜೆಕ್ಟನ್ನು ಎಂಟು ನಿಮಿಷದಲ್ಲಿ ವಿವರಿಸಬೇಕು, ಆದರೆ 22 ಸ್ಲೈಡ್ ಮುಗಿಯುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಸಮಯ ಮೀರುತ್ತಿರುವುದಕ್ಕೆ ನಿಮ್ಮ ಮಾತಿನ ವೇಗ ಕಾರಣವಲ್ಲ. ನೀವು ಬರೆದಿರುವಂತೆ 22 ಸ್ಲೈಡ್‌ಗಳಲ್ಲಿ ಮೊದಲ ಒಂಬತ್ತು ಕಾಫಿ ಬೆಳೆಯ ಪರಿಚಯಕ್ಕೇ ಹೋಗಿ, ಮಣ್ಣಿನ ತೇವಾಂಶ ಅಳೆಯುವ ನಿಮ್ಮ ಸಾಧನ ಹತ್ತನೆಯದರಲ್ಲಿ ಕಾಣಿಸಿಕೊಳ್ಳುತ್ತದೆ. ಕೊಡಗಿನಲ್ಲೇ ಪಾಠ ಮಾಡುವ ಪರೀಕ್ಷಕರಿಗೆ ಕಾಫಿಯ ಪರಿಚಯ ಬೇಕಿಲ್ಲ.

ಮೊದಲು ಫಲಿತಾಂಶದ ಗ್ರಾಫ್ ಇರುವ ಸ್ಲೈಡನ್ನು ಸಿದ್ಧಪಡಿಸಿ, ಅದು ಅರ್ಥವಾಗಲು ಬೇಕಾದುದನ್ನಷ್ಟೇ ಅದರ ಮುಂಚೆ ಜೋಡಿಸಿ: ಹೂಮಳೆ (ಕಾಫಿ ಹೂ ಅರಳಲು ಬೇಕಾದ ಬೇಸಿಗೆಯ ಮಳೆ) ಬಾರದಿದ್ದಾಗ ರೊಬಸ್ಟಾ ತಳಿಯ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್‌ನಿಂದ ಹಾಯಿಸುವ ನೀರನ್ನು ಯಾವಾಗ ನಿಲ್ಲಿಸಬೇಕೆಂಬ ಸಮಸ್ಯೆಗೆ ಒಂದು, ಸರ್ಕ್ಯೂಟ್‌ಗೆ ಒಂದು, ಒಣಮಣ್ಣಿನಲ್ಲೂ ನೀರುಂಡ ಮಣ್ಣಿನಲ್ಲೂ ಸೆನ್ಸರ್ ತೋರಿದ ಅಂಕಿಗಳನ್ನು ಹೋಲಿಸಿ ಕ್ಯಾಲಿಬ್ರೇಷನ್ (ಅಳತೆ ಸರಿಹೊಂದಿಸುವಿಕೆ) ಮಾಡಿದ ರೀತಿಗೆ ಎರಡು. ಕಠಿಣ ಪ್ರಶ್ನೆಗಳು ಏಳುವುದು ಹೆಚ್ಚಾಗಿ ಈ ಕೊನೆಯ ಭಾಗದಲ್ಲೇ, ಆದ್ದರಿಂದ ಅಲ್ಲಿ ನಿಧಾನಿಸಿ. ಅನಂತರ ಗಡಿಯಾರ ಇಟ್ಟುಕೊಂಡು, ನಿಂತು, ಗಟ್ಟಿಯಾಗಿ ಎರಡು ಬಾರಿ ಹೇಳಿನೋಡಿ. ಏಳು ನಿಮಿಷಕ್ಕೆ ಮುಗಿಯದಿದ್ದರೆ ಇನ್ನೊಂದು ಸ್ಲೈಡ್ ತೆಗೆಯಿರಿ, ವೇಗ ಹೆಚ್ಚಿಸಬೇಡಿ. ತೆಗೆದವುಗಳನ್ನು ಅಳಿಸದೆ, ಪ್ರಶ್ನೆ ಬಂದರೆ ತೋರಿಸಲೆಂದು ಕೊನೆಯಲ್ಲಿಡಿ. ಸಾಧನ ಕೆಲಸ ಮಾಡುವುದನ್ನು ಹಿಂದಿನ ದಿನವೇ ಚಿತ್ರೀಕರಿಸಿ ಲ್ಯಾಪ್‌ಟಾಪಿನಲ್ಲಿ ಉಳಿಸಿಕೊಳ್ಳಿ. ನಮ್ಮ ಮಳೆಗಾಲದ ನೆಟ್‌ವರ್ಕನ್ನು ನೆಚ್ಚುವಂತಿಲ್ಲ.

ಹಿಂದಿನ ಅಧ್ಯಯನಗಳ ಪರಿಚಯಕ್ಕೆ ಪ್ರತ್ಯೇಕ ಅಂಕವಿದೆಯೇ ಎಂಬುದು ನಿಮ್ಮ ಪ್ರಶ್ನೆಯಿಂದ ಸ್ಪಷ್ಟವಾಗುವುದಿಲ್ಲ. ಆ ಸ್ಲೈಡನ್ನು ಕೈಬಿಡುವ ಮುನ್ನ ಮಾರ್ಗದರ್ಶಕರನ್ನು ಕೇಳಿ.